ಹಳೆಯ ಅಲಂಕಾರ ಗಡಿಯಾರದ ಪರೀಕ್ಷೆ ಮತ್ತು ಬೆಲೆ

ಕಾಲವನ್ನು ಅಳೆಯಬೇಕೆಂಬ ಹಂಬಲ ಮಾನವನಿಗೆ ಇಂದು ನಿನ್ನೆಯದಲ್ಲ. ತಳದಲ್ಲಿ ಸಣ್ಣ ರಂಧ್ರವುಳ್ಳ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟು, ಅದು ತುಂಬಿ ಮುಳುಗುವ ಅವಧಿಯನ್ನು ಒಂದು ಘಟಿಕೆಯೆಂದೆಣಿಸಿ, ಅಂಥ ಅರುವತ್ತು ಘಟಿಕೆಗಳಿಂದ ಒಂದು ಅಹೋರಾತ್ರವನ್ನು ಲೆಕ್ಕಹಾಕಿದವರು ನಮ್ಮ ಪೂರ್ವಿಕರು. ಈ ಘಟಿಕೆಯೇ ತದ್ಭವವಾಗಿ 'ಗಳಿಗೆ'ಯಾಯಿತು. ಇಂದಿನ ಎಣಿಕೆಯಲ್ಲಿ ಅದು 24 ನಿಮಿಷ. ಯುರೋಪಿನಲ್ಲಿ ಇದೇ ಹಂಬಲವು ಹಲ್ಲುಚಕ್ರಗಳ ಯಂತ್ರವಾಗಿ ಬೆಳೆದು, ಸಾಗರವನ್ನು ದಾಟಿ ನಮ್ಮ ಅರಮನೆಗಳಿಗೂ ಸಿರಿವಂತರ ಮನೆಗಳಿಗೂ ಬಂದಿತು. ಅಂಥ ಗಡಿಯಾರಗಳಲ್ಲಿ ಒಂದು ಜಾತಿಯನ್ನು ಕುರಿತು, ಅದರ ಸ್ಥಿತಿಯನ್ನು ಪರೀಕ್ಷಿಸುವ ಕ್ರಮವನ್ನೂ ಬೆಲೆಯನ್ನು ನಿರ್ಣಯಿಸುವ ಕ್ರಮವನ್ನೂ ಇಲ್ಲಿ ವಿವರಿಸಲಾಗುವುದು.

ಚಳಿಯ ನಾಡುಗಳ ಮನೆಗಳಲ್ಲಿ ಗೋಡೆಯೊಳಗೆ ಅಗ್ಗಿಷ್ಟಿಕೆಯಿರುತ್ತದೆ. ಅದರ ಮೇಲೆ ಚಾಚಿಕೊಂಡಿರುವ ಕಲ್ಲಿನ ಅಥವಾ ಮರದ ಹಲಗೆಗೆ 'ಮ್ಯಾಂಟಲ್' ಎಂದು ಹೆಸರು. ಆ ಹಲಗೆಯ ನಡುವೆ ಇರಿಸಲೆಂದು ಮಾಡಿದ ಅಲಂಕಾರದ ಗಡಿಯಾರವೇ ಮ್ಯಾಂಟಲ್ ಗಡಿಯಾರ. ನಮ್ಮಲ್ಲಿ ಅದು ಮೇಜಿನ ಮೇಲೋ ಗಾಜಿನ ಬೀರುವಿನಲ್ಲೋ ನೆಲಸಿತು. ಇಂದು ಈ ವಸ್ತುಗಳಿಗೆ ಎರಡು ದುರ್ಗತಿಗಳು ಕಾದಿವೆ. ಒಂದು, ಹಬ್ಬದ ಮುನ್ನಾದಿನ ಹಿತ್ತಾಳೆಯ ಪಾತ್ರೆಗಳ ಜೊತೆಗೆ ಹುಣಸೆಹಣ್ಣಿನಿಂದ ಉಜ್ಜಿಸಿಕೊಳ್ಳುವುದು. ಇನ್ನೊಂದು, 'ನಡೆಯದ ಗಡಿಯಾರ'ವೆಂಬ ಹೆಸರಿನಲ್ಲಿ ತೂಕದ ಲೆಕ್ಕಕ್ಕೆ ಹಳೆಯ ಸಾಮಾನಿನವನ ಪಾಲಾಗುವುದು. ಇವೆರಡಕ್ಕೂ ಮೊದಲು ಅರ್ಧ ದಿನದ ಪರೀಕ್ಷೆಗೆ ಮನೆಯವರು ಮನಸ್ಸು ಮಾಡಿದರೆ ಎಷ್ಟೋ ಒಳ್ಳೆಯ ವಸ್ತುಗಳು ಉಳಿಯುತ್ತವೆ.

ಓಲೆಗರಿಯ ಗ್ರಂಥಗಳನ್ನು ಸಂಪಾದಿಸುವವರಿಗೆ ಈ ಪರೀಕ್ಷೆಯ ಕ್ರಮ ಅಪರಿಚಿತವೆನಿಸದು. ಪ್ರತಿಯೊಂದು ಕೈಸೇರಿದಾಗ ಸಂಪಾದಕನು ಮೂರು ಪ್ರಶ್ನೆಗಳನ್ನು ಕೇಳುತ್ತಾನೆ: ಇದರಲ್ಲಿ ಮೂಲವೆಷ್ಟು? ಪ್ರಕ್ಷಿಪ್ತವೆಷ್ಟು? ಲುಪ್ತವಾದುದೆಷ್ಟು? ಗಡಿಯಾರವನ್ನು ನೋಡುವವನೂ ಇವೇ ಪ್ರಶ್ನೆಗಳನ್ನು ಕೇಳಬೇಕು. ಬೆಲೆಯ ನಿರ್ಣಯವೆಲ್ಲ ಈ ಮೂರರ ಉತ್ತರದ ಮೇಲೆಯೇ ನಿಂತಿದೆ.

ಹುಟ್ಟು ಮತ್ತು ಬೆಳವಣಿಗೆ

ಹಾಲೆಂಡಿನ ವಿಜ್ಞಾನಿ ಕ್ರಿಸ್ಟಿಯಾನ್ ಹೈಗೆನ್ಸನು 1656ರಲ್ಲಿ ಲೋಲಕದ ತೂಗಾಟವನ್ನು ಗಡಿಯಾರಕ್ಕೆ ಜೋಡಿಸಿದನು. ಅಲ್ಲಿಂದ ಗಡಿಯಾರದ ನಡಿಗೆಗೆ ಖಚಿತತೆ ಬಂದಿತು. ಯಂತ್ರದ ಚೈತನ್ಯಕ್ಕೆ ತೂಗುಗುಂಡಿನ ಬದಲು ಸುರುಳಿಸುತ್ತಿದ ಸ್ಪ್ರಿಂಗನ್ನು ಬಳಸಿದಾಗ ಗಡಿಯಾರವು ಗೋಡೆಯಿಂದ ಇಳಿದು ಮೇಜನ್ನೇರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಫ್ರಾನ್ಸಿನವರು ಎರಡು ದುಂಡು ಹಿತ್ತಾಳೆಯ ತಗಡುಗಳ ನಡುವೆ ಚಕ್ರಗಳನ್ನೆಲ್ಲ ಅಡಕಮಾಡಿದ ಒಂದು ಯಂತ್ರವನ್ನು ಬಳಕೆಗೆ ತಂದರು. ಒಂದು ಅಂಗೈಯಲ್ಲಿ ಹಿಡಿಸುವ ಈ ಗಟ್ಟಿಮುಟ್ಟಾದ ಯಂತ್ರವನ್ನು 'ಪ್ಯಾರಿಸ್ ಯಂತ್ರ'ವೆಂದು ಕರೆಯುವುದುಂಟು. ಹೆಸರು ಪ್ಯಾರಿಸ್ಸಿನದಾದರೂ ಅದರ ಒರಟು ರೂಪ ಸಿದ್ಧವಾಗುತ್ತಿದ್ದುದು ಬಹುಮಟ್ಟಿಗೆ ನಾರ್ಮಂಡಿಯ ಸೇಂಟ್ ನಿಕೊಲಾ ದಲಿಯರ್ಮೋಂ ಎಂಬ ಊರಿನಲ್ಲಿ ಮತ್ತು ಪೂರ್ವ ಗಡಿಯ ಮೋಂಬೆಲಿಯಾರ್ ಸೀಮೆಯ ಜಪಿ ಮೊದಲಾದವರ ಕಾರ್ಖಾನೆಗಳಲ್ಲಿ. ಅದನ್ನು ತಿದ್ದಿ ತೀಡಿ, ಕವಚದೊಳಗೆ ಕೂರಿಸಿ ಮಾರುತ್ತಿದ್ದವರು ಪ್ಯಾರಿಸ್ಸಿನ ವರ್ತಕರು.

ಆದುದರಿಂದ ಇಂಥ ಗಡಿಯಾರವು ಒಬ್ಬನ ಕೃತಿಯಲ್ಲ. ಎರಕದವನು, ಚಿತ್ತಾರ ಕೆತ್ತುವವನು, ಚಿನ್ನದ ಲೇಪ ಕೊಡುವವನು, ಮುಖಫಲಕ ಮಾಡುವವನು, ಯಂತ್ರ ಕೂಡಿಸುವವನು ಎಲ್ಲರೂ ಬೇರೆ ಬೇರೆ. ಮುಖಫಲಕದ ಮೇಲಿರುವ ಹೆಸರು ಅನೇಕ ವೇಳೆ ಮಾರಿದವನದೇ ಹೊರತು ಮಾಡಿದವನದಲ್ಲ. ನಮ್ಮ ನೆರೆಯ ಹೈದರಾಬಾದಿನ ಸಾಲಾರ್ ಜಂಗ್ ವಸ್ತುಸಂಗ್ರಹಾಲಯದ ಹೆಸರಾಂತ ಗಡಿಯಾರವನ್ನು ನೋಡಿದವರು ನಮ್ಮಲ್ಲಿ ಹಲವರಿದ್ದಾರೆ. ಗಂಟೆಗೊಮ್ಮೆ ಅದರೊಳಗಿನಿಂದ ಗಡ್ಡದ ಗೊಂಬೆಯೊಂದು ಹೊರಬಂದು ಗಂಟೆ ಬಾರಿಸುತ್ತದೆ. ಅದು ಕುಕ್ ಅಂಡ್ ಕೆಲ್ವಿ ಎಂಬ ಕಲ್ಕತ್ತೆಯ ಅಂಗಡಿಯ ಹೆಸರಿನಿಂದ ಪ್ರಸಿದ್ಧವಾಗಿದ್ದರೂ ಅದರ ಭಾಗಗಳು ಇಂಗ್ಲೆಂಡಿನಲ್ಲಿ ತಯಾರಾಗಿ ಕಲ್ಕತ್ತೆಯಲ್ಲಿ ಜೋಡಣೆಗೊಂಡವು. ಹೆಸರನ್ನು ಓದಿದೊಡನೆ ಕರ್ತೃನಿರ್ಣಯ ಮುಗಿಯಿತೆಂದು ಭಾವಿಸಬಾರದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಕವಚದ ಪರೀಕ್ಷೆ

ಬೆಳ್ಳಗಿರುವುದೆಲ್ಲ ಹಾಲಲ್ಲವೆಂಬ ಗಾದೆ ಇಲ್ಲಿ ಹಳದಿಯ ಹೊಳಪಿಗೂ ಸಲ್ಲುತ್ತದೆ. ಹೊಂಬಣ್ಣದ ಕವಚದಲ್ಲಿ ಮುಖ್ಯವಾಗಿ ಮೂರು ತರಗಳುಂಟು. ಮೊದಲನೆಯದು ಕಂಚಿನ ಎರಕಕ್ಕೆ ಬೆಂಕಿಯಿಂದ ಚಿನ್ನವೇರಿಸಿದುದು. ಚಿನ್ನವನ್ನು ಪಾದರಸದಲ್ಲಿ ಕರಗಿಸಿ, ಆ ಮಿಶ್ರಣವನ್ನು ಕಂಚಿಗೆ ಸವರಿ ಕಾಯಿಸಿದರೆ ಪಾದರಸವು ಆವಿಯಾಗಿ ಹೋಗಿ ಚಿನ್ನ ಮಾತ್ರ ಕಚ್ಚಿಕೊಳ್ಳುತ್ತದೆ. ಬಳಿಕ ಕೆಲವು ಭಾಗಗಳನ್ನು ಅಗೇಟು ಮೊದಲಾದ ನುಣುಪುಗಲ್ಲುಗಳಿಂದ ತಿಕ್ಕಿ ಮಿರುಗಿಸಿ, ಉಳಿದುದನ್ನು ಮಂದವಾಗಿಯೇ ಬಿಡುತ್ತಿದ್ದರು. ಮಿರುಗು ಮತ್ತು ಮಂದತೆಗಳ ಈ ಜೊತೆಯಾಟವೇ ಅದರ ಸೊಬಗು. ಎರಡನೆಯದು ವಿದ್ಯುತ್ತಿನಿಂದ ಲೇಪಿಸಿದುದು; ಇಂಗ್ಲೆಂಡಿನ ಎಲ್ಕಿಂಗ್ಟನ್ ಮನೆತನದವರು 1840ರಲ್ಲಿ ಇದಕ್ಕೆ ಹಕ್ಕುಪತ್ರ ಪಡೆದ ಮೇಲೆ ಇದು ಹರಡಿತು. ಮೂರನೆಯದು ಸತುವಿನ ಎರಕಕ್ಕೆ ಹೊಂಬಣ್ಣ ಕೊಟ್ಟುದು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಇದು ವಿಪುಲವಾಗಿ ಬಂದಿತು.

ಮೊದಲನೆಯದರ ಹಿಂದೆ ಒಂದು ಶೋಕದ ಕಥೆಯೂ ಇದೆ. ಪಾದರಸದ ಆವಿಯನ್ನು ಉಸಿರಾಡಿ ಲೇಪದ ಕೆಲಸಗಾರರು ಕೈಕಾಲು ನಡುಗಿ, ಹಲ್ಲುದುರಿ, ಅಕಾಲದಲ್ಲಿ ಸಾಯುತ್ತಿದ್ದರು. ಪ್ಯಾರಿಸ್ಸಿನ ಪ್ರಸಿದ್ಧ ಕಂಚುಗಾರ ರಾವ್ರಿಯೋ ಎಂಬವನು 1814ರಲ್ಲಿ ತೀರಿಕೊಂಡಾಗ, ಈ ಅಪಾಯವನ್ನು ತಡೆಯುವ ಉಪಾಯ ಕಂಡುಹಿಡಿದವರಿಗೆ 3000 ಫ್ರಾಂಕುಗಳು ಸಲ್ಲಬೇಕೆಂದು ಮರಣಪತ್ರದಲ್ಲಿ ಬರೆದಿಟ್ಟಿದ್ದನು. ಆವಿಯನ್ನು ಮೇಲಕ್ಕೆ ಸೆಳೆದೊಯ್ಯುವ ಒಲೆಯನ್ನು ರೂಪಿಸಿದ ರಸಾಯನಶಾಸ್ತ್ರಜ್ಞ ದಾರ್ಸೆಗೆ 1818ರಲ್ಲಿ ಆ ಬಹುಮಾನ ಸಂದಿತು. ಇಷ್ಟು ಪ್ರಾಣಗಳನ್ನು ತೆತ್ತು ಕೂರಿಸಿದ ಆ ಚಿನ್ನದ ಪದರವು ಕೂದಲೆಳೆಗಿಂತಲೂ ತೆಳುವಾದುದು. ಹುಣಸೆಹಣ್ಣು, ಬೂದಿ, ಹಿತ್ತಾಳೆ ಉಜ್ಜುವ ದ್ರಾವಣ ಇವುಗಳಲ್ಲಿ ಯಾವುದರಿಂದ ತಿಕ್ಕಿದರೂ ಅದು ಸವೆದುಹೋಗುತ್ತದೆ, ಮರಳಿ ಬರುವುದಿಲ್ಲ. ಚಿನ್ನವನ್ನು ಕೆರೆದು ತೆಗೆದರೆ ಲಾಭವಾಗುವುದೆಂದು ಎಣಿಸುವವರೂ ಇದ್ದಾರೆ. ಅದರಲ್ಲಿ ದೊರೆಯುವ ಚಿನ್ನ ಅತ್ಯಲ್ಪ. ಹಾಳಾಗುವ ವಸ್ತು ಅಮೂಲ್ಯ.

ಲೋಹವನ್ನು ಗುರುತಿಸಲು ಕವಚದ ಹೊರಮೈಯನ್ನು ಗೀರಬೇಕಾಗಿಲ್ಲ. ಬುಡದ ಒಳಭಾಗ, ತಿರುಪುಗಳ ಸುತ್ತಲಿನ ಎಡೆ, ಹಿಂಬದಿಯ ಅಂಚು ಇವುಗಳನ್ನು ಬೆಳಕಿಗೆ ಹಿಡಿದು ನೋಡಿದರೆ ಸಾಕು. ಅಲ್ಲಿ ಹಳದಿ ಅಥವಾ ಕೆಂಗಂದು ಬಣ್ಣ ಕಂಡರೆ ಕಂಚು ಇಲ್ಲವೆ ಹಿತ್ತಾಳೆ. ಬೂದುಬಣ್ಣ ಕಂಡರೆ ಸತು. ಬೆರಳ ಗೆಣ್ಣಿನಿಂದ ಮೆಲ್ಲನೆ ತಟ್ಟಿದಾಗ ಕಂಚು ಅನುರಣನಗೊಳ್ಳುತ್ತದೆ. ಸತು ಮಂಕು ದನಿ ಕೊಡುತ್ತದೆ. ಸತುವಿನ ಗೊಂಬೆ ಪೆಡಸು. ಬಿದ್ದರೆ ಕೈಕಾಲು ಮುರಿಯುತ್ತದೆ, ಮುರಿದುದನ್ನು ಚೆನ್ನಾಗಿ ಬೆಸೆಯುವುದು ಕಷ್ಟ.

ಕರಿಯ ಕಲ್ಲಿನಂತೆ ಕಾಣುವ, ಗುಡಿಯ ಕಂಬಗಳಂಥ ಕಂಬಗಳುಳ್ಳ ಗಡಿಯಾರಗಳು ನಮ್ಮಲ್ಲಿಯೂ ಕಾಣಸಿಗುತ್ತವೆ. ಫ್ರಾನ್ಸಿನವು ಸಾಮಾನ್ಯವಾಗಿ ಬೆಲ್ಜಿಯಮ್ಮಿನ ಕರಿಯ ಸುಣ್ಣಕಲ್ಲಿನವು. ಅಮೆರಿಕದ ಆನ್ಸೋನಿಯಾ ಮೊದಲಾದ ಕಂಪನಿಗಳು ಇವನ್ನೇ ಅನುಕರಿಸಿ ಕಬ್ಬಿಣಕ್ಕೆ ಕರಿಯ ಮೆರುಗುಕೊಟ್ಟು ಮಾಡಿದವು; ಸೆತ್ ಥಾಮಸ್ ಕಂಪನಿಯು ಮರಕ್ಕೆ ಸೆಲ್ಯುಲಾಯ್ಡಿನ ತೆಳು ಹಾಳೆ ಹೊದಿಸಿ 'ಅಡಮಂಟೈನ್' ಎಂಬ ಹೆಸರಿನಿಂದ ಮಾರಿತು. ಅಯಸ್ಕಾಂತ ಕಚ್ಚಿದರೆ ಕಬ್ಬಿಣ. ಕಚ್ಚದೆ ಹಗುರವಾಗಿದ್ದರೆ ಮರ. ಕಚ್ಚದೆ ಭಾರವಾಗಿ ತಣ್ಣಗಿದ್ದರೆ ಕಲ್ಲು. ಅನುಕರಣವಾದ ಮಾತ್ರಕ್ಕೆ ಅದು ಮೋಸದ ವಸ್ತುವಲ್ಲ; ತನ್ನ ಕಾಲದ ಪ್ರಾಮಾಣಿಕ ಸರಕೇ ಹೌದು. ಆದರೆ ಅದರ ಬೆಲೆಯ ಶ್ರೇಣಿ ಬೇರೆ.

ಮುಖಫಲಕ ಮತ್ತು ಯಂತ್ರ

ಮುಖಫಲಕವು ಬಹುಶಃ ತಾಮ್ರದ ಬಿಲ್ಲೆಯ ಮೇಲೆ ಗಾಜಿನ ಪುಡಿಯನ್ನು ಸುಟ್ಟು ಮಾಡಿದ ಬಿಳಿಯ ಎನಾಮಲ್ ಆಗಿರುತ್ತದೆ. ಅದರ ಮೇಲೆ ಕೂದಲೆಳೆಯ ಬಿರುಕುಗಳಿವೆಯೆ, ಕೀಲಿರಂಧ್ರದ ಅಂಚಿನಲ್ಲಿ ಚಕ್ಕೆ ಎದ್ದಿದೆಯೆ, ಬಿಳಿಯ ಬಣ್ಣ ತುಂಬಿ ಮುಚ್ಚಿದ್ದಾರೆಯೆ ಎಂದು ಓರೆಬೆಳಕಿನಲ್ಲಿ ನೋಡಬೇಕು. ಒಂದೆರಡು ಬಿರುಕು ವಯಸ್ಸಿಗೆ ಸಹಜ. ದೊಡ್ಡ ತುಂಡು ಹೋದುದು ದೋಷ. ರೋಮನ್ ಅಂಕಿಗಳಲ್ಲಿ ನಾಲ್ಕನ್ನು ನಾಲ್ಕು ಗೀಟುಗಳಿಂದ ಬರೆದಿರುವುದನ್ನು ಕಂಡು ತಪ್ಪೆಂದು ಭಾವಿಸಬಾರದು. ಗಡಿಯಾರಗಳಲ್ಲಿ ಅದೇ ರೂಢಿ.

ಹಿಂಬದಿಯ ಬಾಗಿಲನ್ನು ತೆರೆದರೆ ಯಂತ್ರದ ಹಿಂದಗಡು ಕಾಣುತ್ತದೆ. ಗ್ರಂಥದ ಕೊನೆಯಲ್ಲಿ ಲಿಪಿಕಾರ ಬರೆದಿಡುವ ಪುಷ್ಪಿಕೆಯಂತೆ ಇಲ್ಲಿ ಹಲವು ಗುರುತುಗಳು ಒತ್ತಲ್ಪಟ್ಟಿರುತ್ತವೆ. ಜಪಿ, ವಿನ್ಸೆಂಟಿ, ಮಾರ್ತಿ ಮೊದಲಾದವರ ದುಂಡುಮುದ್ರೆಗಳಲ್ಲಿ ಪದಕದ ಉಲ್ಲೇಖವೂ ಕೆಲವೊಮ್ಮೆ ವರ್ಷವೂ ಇರುತ್ತದೆ. ವಿನ್ಸೆಂಟಿಯ ಮುದ್ರೆಯಲ್ಲಿರುವ 1855 ಎಂಬುದು ಪದಕ ದೊರೆತ ವರ್ಷ, ಗಡಿಯಾರ ತಯಾರಾದ ವರ್ಷವಲ್ಲ. ಅದು 1855ಕ್ಕಿಂತ ಹಿಂದಿನದಲ್ಲವೆಂದಷ್ಟೇ ಅದರಿಂದ ಸಿದ್ಧವಾಗುತ್ತದೆ. ಅನಂತರ ಹಲವು ದಶಕಗಳವರೆಗಿನದೂ ಆಗಿರಬಹುದು. ಇಂಗ್ಲಿಷಿನಲ್ಲಿ 'ಮೇಡ್ ಇನ್ ಫ್ರಾನ್ಸ್' ಎಂದಿದ್ದರೆ ಅದು ನೆಪೋಲಿಯನ್ನನ ಕಾಲದ್ದಲ್ಲವೆಂದು ನಿಶ್ಚಯಿಸಬಹುದು. ಬ್ರಿಟನ್ನಿನ 1887ರ ಸರಕುಗುರುತಿನ ಕಾಯಿದೆ ಮತ್ತು ಅಮೆರಿಕದ 1890ರ ಸುಂಕದ ಕಾಯಿದೆಗಳ ತರುವಾಯವೇ ಹೀಗೆ ದೇಶದ ಹೆಸರನ್ನು ಒತ್ತುವುದು ಸಾಮಾನ್ಯವಾಯಿತು. ಜರ್ಮನಿಯ ಹರ್ಮ್ಲೆ ಕಂಪನಿಯ ಹೆಸರು ಕಂಡರೆ, ಆ ಕಂಪನಿ ಹುಟ್ಟಿದುದೇ 1922ರಲ್ಲಾದುದರಿಂದ, ಕವಚ ಎಷ್ಟೇ ಪುರಾತನವಾಗಿ ಕಂಡರೂ ಯಂತ್ರ ಈಚಿನದು.

ಅದೇ ತಗಡಿನ ಮೇಲೆ '5 4' ಎಂಬಂಥ ಎರಡು ಸಣ್ಣ ಅಂಕಿಗಳಿರುವುದುಂಟು. ಇದು ಲೋಲಕದ ಉದ್ದವನ್ನು ಹಳೆಯ ಫ್ರೆಂಚ್ ಅಳತೆಯಲ್ಲಿ ತಿಳಿಸುತ್ತದೆ: 5 ಪೂಸ್, 4 ಲಿಗ್ನೆ. ಒಂದು ಪೂಸ್ ಸುಮಾರು 27 ಮಿಲಿಮೀಟರ್. ಅದರ ಹನ್ನೆರಡನೆಯ ಒಂದು ಪಾಲು ಲಿಗ್ನೆ. ಹಾಗಾದರೆ ಈ ಲೋಲಕದ ಅಳತೆ ಸುಮಾರು 144 ಮಿಲಿಮೀಟರ್ ಆಯಿತು. ಇನ್ನೊಂದು ದೊಡ್ಡ ಸಂಖ್ಯೆ ಕ್ರಮಾಂಕ. ಅದೇ ಕ್ರಮಾಂಕ ಲೋಲಕದ ಗುಂಡಿನ ಹಿಂಬದಿಯಲ್ಲಿಯೂ ಇದ್ದರೆ ಯಂತ್ರ ಮತ್ತು ಲೋಲಕಗಳು ಹುಟ್ಟಿನಿಂದ ಜೊತೆಗಾರರು. ಇಂಥ ಹೊಂದಾಣಿಕೆ ಬೆಲೆಗೆ ಪುಷ್ಟಿ ಕೊಡುತ್ತದೆ.

ಲೋಲಕವು ಯಾವುದರಿಂದ ತೂಗುತ್ತಿದೆಯೆಂಬುದೂ ಕಾಲಸೂಚಕ. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಅದನ್ನು ರೇಷ್ಮೆಯ ದಾರದಿಂದ ತೂಗುಹಾಕುತ್ತಿದ್ದರು. ಬಳಿಕ ಬ್ರೊಕೋ ಎಂಬವರು ರೂಪಿಸಿದ ತೆಳು ಉಕ್ಕಿನ ಪಟ್ಟಿ ಬಂದಿತು. ಇದರಲ್ಲಿ ಹನ್ನೆರಡರ ಅಂಕಿಯ ಬಳಿಯ ಸಣ್ಣ ರಂಧ್ರದಲ್ಲಿ ಕೀಲಿಯಿಟ್ಟು ತಿರುಗಿಸಿ ನಡಿಗೆಯನ್ನು ಹೆಚ್ಚುಕಡಿಮೆ ಮಾಡಬಹುದು.

ಗಂಟೆ ಬಾರಿಸುವ ಕ್ರಮವನ್ನು ತಿಳಿಯದೆ ಅನೇಕರು ಒಳ್ಳೆಯ ಗಡಿಯಾರವನ್ನು ಕೆಟ್ಟಿತೆಂದು ಮಾರಿಬಿಡುತ್ತಾರೆ. ಹಳೆಯ ಯಂತ್ರಗಳಲ್ಲಿ 'ಎಣಿಕೆಯ ಚಕ್ರ'ವೆಂಬುದೊಂದಿದೆ. ಅದರ ಅಂಚಿನಲ್ಲಿ ಕಚ್ಚುಗಳು ಕ್ರಮವಾಗಿ ದೂರ ದೂರವಾಗಿರುತ್ತವೆ. ಒಂದರ ತರುವಾಯ ಎರಡು, ಎರಡರ ತರುವಾಯ ಮೂರು ಎಂದು ಬಾರಿಸುವುದಷ್ಟೇ ಅದಕ್ಕೆ ಗೊತ್ತು, ಮುಳ್ಳುಗಳು ಎಲ್ಲಿವೆಯೆಂಬುದು ಗೊತ್ತಿಲ್ಲ. ಒಂದರಿಂದ ಹನ್ನೆರಡರವರೆಗೆ ಕೂಡಿದರೆ 78. ಅರ್ಧ ಗಂಟೆಗೊಂದರಂತೆ ಇನ್ನು ಹನ್ನೆರಡು ಸೇರಿ 90 ಹೊಡೆತಗಳಿಗೆ ಚಕ್ರ ಒಂದು ಸುತ್ತು ಮುಗಿಸುತ್ತದೆ. ಬಾರಿಸಲು ಎಡೆಗೊಡದೆ ಯಾರಾದರೂ ಮುಳ್ಳನ್ನು ತಿರುಗಿಸಿದರೆ ಮುಳ್ಳು ಮೂರನ್ನು ತೋರುವಾಗ ಗಂಟೆ ಐದು ಬಾರಿಸುತ್ತದೆ. ಇದು ರೋಗವಲ್ಲ, ಹೊಂದಿಸಿದರೆ ಸರಿಹೋಗುತ್ತದೆ. ಈಚಿನ ಯಂತ್ರಗಳಲ್ಲಿ ಮುಳ್ಳಿಗೂ ಬಡಿತಕ್ಕೂ ಸಂಬಂಧವಿರುವುದರಿಂದ ಈ ತೊಡಕಿಲ್ಲ.

ಪ್ರಕ್ಷಿಪ್ತ ಮತ್ತು ಲುಪ್ತ

ಒಂದರ ಯಂತ್ರವನ್ನು ಇನ್ನೊಂದರ ಕವಚಕ್ಕೆ ಕೂಡಿಸುವುದು ಹಳೆಯ ವಸ್ತುಗಳ ಪೇಟೆಯಲ್ಲಿ ಅಪರೂಪವಲ್ಲ. ಯಂತ್ರವನ್ನು ಕವಚಕ್ಕೆ ಬಿಗಿಯುವ ಎಡೆಯಲ್ಲಿ ಬಳಕೆಯಿಲ್ಲದ ರಂಧ್ರಗಳು, ಮುಚ್ಚಿದ ರಂಧ್ರಗಳು, ಅರದಿಂದ ಉಜ್ಜಿ ಅಗಲಿಸಿದ ಗುರುತುಗಳು ಕಂಡರೆ ಸಂಶಯಪಡಬೇಕು. ಕೂಡುಗೀಟಿನ ತಲೆಯುಳ್ಳ ಸ್ಕ್ರೂ ಕಂಡರೆ ಅದು 1930ರ ದಶಕದ ಅನಂತರದ ಕೈಯದೆಂದು ತಿಳಿಯಬಹುದು, ಏಕೆಂದರೆ ಅಂಥ ಸ್ಕ್ರೂ ಬಳಕೆಗೆ ಬಂದುದೇ ಆಗ. ಸೀಸದ ಬೆಸುಗೆಯ ಮುದ್ದೆಗಳು ಅವಸರದ ರಿಪೇರಿಯ ಸಾಕ್ಷಿಗಳು. ಎಲ್ಲ ರಿಪೇರಿಯೂ ದೋಷವಲ್ಲ. ಸವೆದ ರಂಧ್ರಕ್ಕೆ ಹಿತ್ತಾಳೆಯ ಬುಷ್ಷನ್ನು ಅಂದವಾಗಿ ಕೂರಿಸಿದ್ದರೆ ಅದು ಆರೈಕೆಯ ಗುರುತು. ಹಿಂದಿನ ಗಡಿಯಾರದವರು ತಾವು ಬಿಚ್ಚಿ ಕೂಡಿಸಿದ ತಾರೀಖನ್ನು ತಗಡಿನ ಮೂಲೆಯಲ್ಲಿ ಸಣ್ಣಗೆ ಗೀರುತ್ತಿದ್ದುದುಂಟು. ಅಂಥ ಗೀರುಗಳನ್ನು ಅಳಿಸಬಾರದು. ಅವು ಆ ವಸ್ತುವಿನ ಚರಿತ್ರೆ.

ಲುಪ್ತವಾಗುವ ಭಾಗಗಳೂ ಬಹುಮಟ್ಟಿಗೆ ಗೊತ್ತಾದವೇ: ಲೋಲಕ, ಕೀಲಿ, ಗಂಟೆಯ ಬಟ್ಟಲು, ಗೊಂಬೆಯ ಕೈಯ ಬಿಲ್ಲು ಅಥವಾ ವೀಣೆ, ಮೇಲೆ ಮುಚ್ಚುವ ಗಾಜಿನ ಗುಮ್ಮಟ. ಕೆಲವು ಗಡಿಯಾರಗಳು ಎರಡು ಬದಿಗೆ ದೀಪಸ್ತಂಭಗಳೋ ಕಲಶಗಳೋ ಇರುವ ಮೂರರ ಜೋಡಣೆಯಾಗಿ ಮಾರಾಟವಾಗಿದ್ದವು. ಮನೆಯ ಪಾಲುಪಾರೀಕತ್ತಿನಲ್ಲಿ ಅಣ್ಣನಿಗೆ ಗಡಿಯಾರವೂ ತಮ್ಮಂದಿರಿಗೆ ಒಂದೊಂದು ಕಂಬವೂ ಹೋದರೆ ಮೂವರ ಪಾಲಿನ ಬೆಲೆಯೂ ಕುಗ್ಗುತ್ತದೆ. ಅಟ್ಟದ ಮೇಲೆ ಹುಡುಕಿ ಅವನ್ನು ಒಂದೆಡೆ ಸೇರಿಸುವುದು ಯಾವ ಪಾಲಿಷಿಗಿಂತಲೂ ಲಾಭದ ಕೆಲಸ.

ನಡಿಗೆಯ ಪರೀಕ್ಷೆ

ಗಡಿಯಾರವನ್ನು ಸಾಗಿಸುವ ಮುನ್ನ ಲೋಲಕವನ್ನು ತಪ್ಪದೆ ಕಳಚಬೇಕು. ಇಲ್ಲವಾದರೆ ತೂಗುಪಟ್ಟಿ ಮುರಿಯುತ್ತದೆ. ಸಮತಟ್ಟಾದ ಎಡೆಯಲ್ಲಿಟ್ಟು ಕೀಲಿಕೊಟ್ಟು ಕಿವಿಗೊಡಬೇಕು. 'ಟಿಕ್' ಮತ್ತು 'ಟಕ್'ಗಳ ನಡುವಿನ ಅವಕಾಶ ಸಮನಾಗಿದ್ದರೆ ಲಕ್ಷಣ ಒಳ್ಳೆಯದು. ಕುಂಟಿದರೆ ಹೊಂದಾಣಿಕೆ ಬೇಕು. ಹತ್ತು ನಿಮಿಷ ನಡೆದುದನ್ನು ಕಂಡು ತೃಪ್ತಿಪಡಬಾರದು. ಇವುಗಳಲ್ಲಿ ಹೆಚ್ಚಿನವು ವಾರಕ್ಕೊಮ್ಮೆ ಕೀಲಿಕೊಡುವಂಥವು. ಆದುದರಿಂದ ಪೂರ್ಣ ವಾರ ನಡೆಯುವುದೆಯೆಂದು ನೋಡಬೇಕು. ನಿಂತ ಗಡಿಯಾರಗಳಲ್ಲಿ ಬಹಳಷ್ಟು ನಿಂತಿರುವುದು ಮುರಿದುದರಿಂದಲ್ಲ, ಧೂಳು ಸೇರಿ ಹಳೆಯ ಎಣ್ಣೆ ಗಟ್ಟಿಯಾದುದರಿಂದ. ಅದಕ್ಕೆ ಕೊಬ್ಬರಿ ಎಣ್ಣೆಯನ್ನೋ ಹೊಲಿಗೆಯಂತ್ರದ ಎಣ್ಣೆಯನ್ನೋ ಸುರಿಯುವುದು ಉರಿಯುವ ಬೆಂಕಿಗೆ ತುಪ್ಪ ಹೊಯ್ದಂತೆ. ಸುತ್ತಿದ ಸ್ಪ್ರಿಂಗಿನ ಪೆಟ್ಟಿಗೆಯನ್ನು ಮನೆಯಲ್ಲಿ ಬಿಚ್ಚುವ ಸಾಹಸವಂತೂ ಕೂಡದು. ಅದು ಚಿಮ್ಮಿದರೆ ಬೆರಳಿಗೂ ಕಣ್ಣಿಗೂ ಕೇಡು. ಯಂತ್ರವನ್ನು ಬಲ್ಲ ಕುಶಲಕರ್ಮಿಯ ಕೈಗೇ ಅದನ್ನು ಒಪ್ಪಿಸಬೇಕು.

ಬೆಲೆಯ ನಿರ್ಣಯ

ಬೆಲೆಯನ್ನು ನಿರ್ಧರಿಸುವ ಅಂಶಗಳು ನಾಲ್ಕು: ಕೆಲಸದ ಗುಣ, ಸಮಗ್ರತೆ, ವಿರಳತೆ ಮತ್ತು ಪೂರ್ವಚರಿತ್ರೆ. ಕೇವಲ ವಯಸ್ಸು ಇವುಗಳಲ್ಲಿ ಸೇರುವುದಿಲ್ಲವೆಂಬುದನ್ನು ಗಮನಿಸಬೇಕು. ಕಾರ್ಖಾನೆಗಳಿಂದ ಅಸಂಖ್ಯವಾಗಿ ಹೊರಬಂದ ಕರಿಯ ಕಲ್ಲಿನ ಗಡಿಯಾರವು ನೂರು ವರ್ಷ ದಾಟಿದ್ದರೂ ಸಾಮಾನ್ಯ ಬೆಲೆಯದೇ. ಫ್ರಾನ್ಸಿನ ಕ್ರಾಂತಿಕಾರರು 1793ರಲ್ಲಿ ದಿನವನ್ನು ಹತ್ತು ಗಂಟೆಗಳಾಗಿ ವಿಭಾಗಿಸಿ 1795ರಲ್ಲಿ ಆ ಏರ್ಪಾಟನ್ನು ಕೈಬಿಟ್ಟರು. ಆ ಅಲ್ಪಕಾಲದಲ್ಲಿ ತಯಾರಾದ ಹತ್ತು ಗಂಟೆಯ ಗಡಿಯಾರ ದೊರೆತರೆ ಅದು ಸಂಗ್ರಹಕಾರರಿಗೆ ನಿಧಿ. ಅಮೆರಿಕದ ಪೇಟೆಗಾಗಿ ಪ್ಯಾರಿಸ್ಸಿನ ದ್ಯುಬುಕ್ ಎಂಬವನು ಮಾಡಿಸಿದ, ಜಾರ್ಜ್ ವಾಷಿಂಗ್ಟನ್ನನ ಮೂರ್ತಿಯುಳ್ಳ ಚಿನ್ನಲೇಪದ ಗಡಿಯಾರಗಳಿಗೂ ಅಂಥದೇ ಮನ್ನಣೆ.

ಬೆಲೆಯೆಂಬುದು ಒಂದೇ ಸಂಖ್ಯೆಯೂ ಅಲ್ಲ. ವ್ಯಾಪಾರಿ ಕೊಳ್ಳುವ ಬೆಲೆಯೊಂದು, ಹರಾಜಿನಲ್ಲಿ ಬರುವ ಬೆಲೆಯೊಂದು, ಕಳೆದುಹೋದರೆ ಅಂಥದೇ ಇನ್ನೊಂದನ್ನು ಅಂಗಡಿಯಿಂದ ಕೊಳ್ಳಲು ತಗಲುವ ವಿಮೆಯ ಬೆಲೆ ಮತ್ತೊಂದು. ಮೊದಲನೆಯದು ಸಾಮಾನ್ಯವಾಗಿ ಕಡಿಮೆ, ಮೂರನೆಯದು ಹೆಚ್ಚು. ವಿಮೆಯ ಪತ್ರದ ಮೊತ್ತವನ್ನು ತೋರಿಸಿ ಅದೇ ಬೆಲೆಗೆ ಮಾರುವೆನೆಂದರೆ ನಿರಾಸೆ ಖಂಡಿತ. ಒಂದು ಎಚ್ಚರಿಕೆಯನ್ನು ಮಾತ್ರ ಎಂದಿಗೂ ಮರೆಯಬಾರದು: ಬೆಲೆಕಟ್ಟುವವನೂ ಕೊಳ್ಳುವವನೂ ಒಬ್ಬನೇ ಆಗಬಾರದು.

ಕಾನೂನಿನ ಮಾತನ್ನೂ ಇಲ್ಲಿ ಹೇಳಬೇಕು. ನಮ್ಮ ದೇಶದ 1972ರ ಪುರಾವಸ್ತು ಮತ್ತು ಕಲಾನಿಧಿಗಳ ಕಾಯಿದೆಯ ವ್ಯಾಖ್ಯೆಯೊಳಗೆ ನೂರು ವರ್ಷಕ್ಕೆ ಕಡಿಮೆಯಿಲ್ಲದ ಕಲಾಕೃತಿಗಳೂ ಕುಶಲ ಕೃತಿಗಳೂ ಬರುತ್ತವೆ. ಪುರಾವಸ್ತುಗಳನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವುದನ್ನು ಅದು ನಿಷೇಧಿಸುತ್ತದೆ. ಪರದೇಶದಲ್ಲಿರುವ ಮಕ್ಕಳಿಗೆ ಮನೆಯ ಹಳೆಯ ಗಡಿಯಾರವನ್ನು ಕಳುಹಿಸಬೇಕೆನ್ನುವವರು ಮೊದಲು ಪುರಾತತ್ವ ಇಲಾಖೆಯ ಅಧಿಕಾರಿಗಳನ್ನು ವಿಚಾರಿಸುವುದು ಕ್ಷೇಮ.

ಪೂರ್ವಚರಿತ್ರೆಯ ವಿಷಯದಲ್ಲಿ ಮನೆಯವರೇ ಪ್ರಮಾಣ. ಬ್ರಿಟಿಷರಲ್ಲಿ ನಿವೃತ್ತರಾಗುವವರಿಗೆ ಹೆಸರು ಕೆತ್ತಿದ ತಗಡನ್ನು ಜೋಡಿಸಿ ಗಡಿಯಾರವನ್ನು ಕಾಣಿಕೆಯಾಗಿ ಕೊಡುವ ವಾಡಿಕೆಯಿತ್ತು. ಪರರ ಹೆಸರೆಂದು ಆ ತಗಡನ್ನು ಕಿತ್ತರೆ ಉಳಿಯುವುದು ಎರಡು ತೂತು. ಹೋಗುವುದು ವಸ್ತುವಿನ ವಂಶಾವಳಿ. ಅಂತೆಯೇ ಅಜ್ಜನ ಕಾಲದ ರಸೀತಿ, ಗಡಿಯಾರ ಹಿಂದೆ ಕಾಣುವ ಹಳೆಯ ಛಾಯಾಚಿತ್ರ, ರಿಪೇರಿಯ ಚೀಟಿ ಇವನ್ನೆಲ್ಲ ಒಂದು ಲಕೋಟೆಯಲ್ಲಿಟ್ಟು ಕಾಪಾಡಬೇಕು. ಯಾರು, ಎಂದು, ಎಲ್ಲಿಂದ ತಂದರೆಂಬುದನ್ನು ಬಲ್ಲ ಹಿರಿಯರು ಇರುವಾಗಲೇ ಕೇಳಿ ಬರೆದಿಡಬೇಕು. ಅವರೊಡನೆ ಆ ಮಾಹಿತಿಯೂ ಹೋದರೆ ಯಾವ ಕುಶಲಕರ್ಮಿಯೂ ಅದನ್ನು ಮರಳಿ ಜೋಡಿಸಲಾರ.

ಇಷ್ಟನ್ನೂ ಮಾಡುವವರೆಗೆ ಗಡಿಯಾರದ ಮೇಲೆ ಒಣಗಿದ ಮೆತ್ತನೆಯ ಕುಂಚದಿಂದ ಧೂಳು ಕೊಡಹುವುದಕ್ಕಿಂತ ಹೆಚ್ಚಿನದೇನನ್ನೂ ಮಾಡಬೇಡಿರೆಂದು ವಾಚಕರಲ್ಲಿ ಪ್ರಾರ್ಥನೆ. ಪರೀಕ್ಷೆ ಮುಗಿದ ಮೇಲೆ ಅದನ್ನು ಉಳಿಸಿಕೊಳ್ಳಬಹುದು, ಮಾರಲೂಬಹುದು. ಎರಡೂ ಮನೆಯವರ ಇಷ್ಟ. ತಿಳಿದು ಮಾರಿದವನಿಗೆ ನಷ್ಟವಿಲ್ಲ. ತಿಳಿದು ಉಳಿಸಿಕೊಂಡವನಿಗೆ ಆ ವಸ್ತುವಿನೊಡನೆ ಅದರ ಕಥೆಯೂ ಉಳಿಯುತ್ತದೆ.